ಬಾಗಿಲು ಮತ್ತು ನೆಲ

ಐವತ್ತರ ದಶಕದಲ್ಲಿ ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ನಾನು ಲೆಕ್ಕ ಹೇಳಿಕೊಡುತ್ತಿದ್ದೆ, ನನ್ನ ಜೊತೆಯ ಮೇಷ್ಟ್ರೊಬ್ಬರು ಇಂಗ್ಲಿಷ್. ಪಾಠದ ನಡುವೆ ಅವರು ಬಾಗಿಲು ತಟ್ಟಿ, "ಇದು ರೂಲ್ ಕಣ್ಲಾ, ತೆಗೀಬೋದು, ಮುಚ್ಬೋದು" ಎನ್ನುವರು. ಆಮೇಲೆ ಬಗ್ಗಿ ನೆಲ ಮುಟ್ಟಿ, "ಇದು ಪ್ರಿನ್ಸಿಪಲ್, ತತ್ವ. ಇದನ್ನ ಕಿತ್ರೆ ಎಲ್ಲಿ ನಿಂತ್ಕೊಂಡೀಯೆ?" ಎನ್ನುವರು. "ನಮ್ಮ ಲೆಕ್ಕದ ಆಕ್ಸಿಯಮ್ಮು ಸಾರ್?" ಎಂದು ನಾನು ಕೆಣಕಿದರೆ, "ಅದಕ್ಕೆ ಪ್ರೂಫ್ ಬ್ಯಾಡ, ನೀವು ಆರಾಮ. ಪ್ರಿನ್ಸಿಪಲ್‌ಗೆ ದಿನಾ ಪ್ರೂಫ್ ಕೊಡ್ಬೇಕು ಮೇಷ್ಟ್ರೇ" ಎಂದು ನಗುತ್ತಿದ್ದರು.

ಒಂದು ಪಬ್ಲಿಕ್ ಪರೀಕ್ಷೆಯ ದಿನ ಕೊಠಡಿಯ ಮೇಲ್ವಿಚಾರಣೆ ನಮ್ಮಿಬ್ಬರದು. ಬಸ್ಸು ಕೆಟ್ಟು, ಭೀಮನಬೀಡಿನಿಂದ ನಡೆದು ಬಂದ ಹುಡುಗಿಯೊಬ್ಬಳು ಮುಕ್ಕಾಲು ಗಂಟೆ ತಡವಾಗಿ ಬಾಗಿಲಲ್ಲಿ ನಿಂತಳು. ಅರ್ಧ ಗಂಟೆ ಮೀರಿದವರನ್ನು ಒಳಗೆ ಬಿಡುವಂತಿರಲಿಲ್ಲ. "ಅಳ್‌ಬ್ಯಾಡ ಕಣಮ್ಮಿ, ಓಗಿ ಬರಿ" ಎಂದು ಅವರು ಚಿಲಕ ತೆಗೆದರು.

ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗಲೆಲ್ಲ ಆ ಕತೆಯಲ್ಲಿ ನಾನೂ ಅವರ ಪಕ್ಕದಲ್ಲಿ ನಿಂತು ಹುಡುಗಿಗೆ ನೀರು ಕೊಡುತ್ತೇನೆ. ನಾನು ನೀರು ಕೊಟ್ಟಿರಲಿಲ್ಲ. ಅಂದು ಸಂಜೆ ಮೇಲಿನವರಿಗೆ ದೂರು ಬರೆದೆ. ಅವಳ ಪರೀಕ್ಷೆ ರದ್ದಾಯಿತು, ಅವರಿಗೆ ಹರವೆಗೆ ವರ್ಗವಾಯಿತು.

ಹೊರಡುವ ದಿನ ಬಸ್ಸಿನ ಕಿಟಕಿಯಿಂದ ನನ್ನ ಕೈ ಹಿಡಿದುಕೊಂಡು ಹೇಳಿದರು: "ನಿಮ್ಮ ದೂರು ತೋರ್ಸುದ್ರು ಮೇಷ್ಟ್ರೇ, ಓದ್ದೆ. ಅದ್ರಲ್ಲಿ ಒಂದು ಸುಳ್ಳೂ ಇಲ್ಲ."