ಕಿಟಕಿಗೆ ಹಬ್ಬಿದ ಗುಲಗಂಜಿ

ನಾವು ಕತ್ರಿಗುಪ್ಪೆಗೆ ಬಾಡಿಗೆಗೆ ಬಂದಾಗ ಆ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ತೊಂಬತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಗದಗದ ಕಡೆಯಿಂದ ಬಂದಿದ್ದ ನನಗೆ ಇಲ್ಲಿಯವರ ಮಾತಿನ ಧಾಟಿ ಹೊಸದು, ಮನೆಗಳ ಮುಂದಿನ ಕ್ರೋಟನ್, ಕ್ರಿಸ್‌ಮಸ್ ಗಿಡಗಳೂ ಹೊಸವು. ಗುರುತು ಸಿಕ್ಕಿದ್ದು ಸೈಟುಗಳಲ್ಲಿ ತಾವಾಗಿಯೇ ಬೆಳೆದವು ಮಾತ್ರ: ತುಂಬೆ, ಉತ್ತರಾಣಿ, ಹೊನಗೊನ್ನೆ, ಮುಳ್ಳುತಂತಿಗೆ ಹಬ್ಬಿದ ಶಂಖಪುಷ್ಪ. ಯಾವುದಾದರೂ ಸೈಟಿಗೆ ಜಲ್ಲಿ ಬಂದು ಬಿತ್ತೆಂದರೆ ನನಗೆ ತಳಮಳ. ನಾಳೆಯೇ ಪಾಯ ತೋಡಿಬಿಟ್ಟರೆ? ಮನೆಯವರು ಕೆಲಸಕ್ಕೆ ಹೋದ ಮೇಲೆ ಹಳೇ ಸೌಟು ಹಿಡಿದು ಹೊರಡುತ್ತಿದ್ದೆ. ಬೇರಿಗೆ ಪೆಟ್ಟಾಗದ ಹಾಗೆ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದೆ.

ಮನೆಗೂ ಕಾಂಪೌಂಡಿಗೂ ನಡುವೆ ಇದ್ದ ಉದ್ದನೆಯ ಮಣ್ಣಿನ ಪಟ್ಟಿಯೇ ನನ್ನ ತೋಟ. ಅದೂ ಬಾಡಿಗೆಯ ಮಣ್ಣು, ಮಾಲೀಕರು ಯಾವತ್ತು ಬೇಡ ಅನ್ನುತ್ತಾರೋ ಎಂಬ ಅಳುಕು ಬೇರೆ. ಮಾಲೀಕರು ಮಹಡಿಯ ಮೇಲಿದ್ದರು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಮನೆಯಲ್ಲಿ ಉಳಿಯುತ್ತಿದ್ದದ್ದು ಅಜ್ಜಿ ಮತ್ತು ಇನ್ನೂ ಮಾತು ಸರಿಯಾಗಿ ಬಾರದ ಮೊಮ್ಮಗ. ನಮ್ಮ ಬೀದಿ ಇರುವ ಜಾಗ ಒಂದು ಕಾಲಕ್ಕೆ ಅಜ್ಜಿಯ ಮನೆಯ ರಾಗಿ ಹೊಲವಾಗಿತ್ತಂತೆ.

"ಏನಮ್ಮ ನೀನು, ಜನ ರೋಜಾ ಗಿಡ ತಂದು ಹಾಕ್ತಾರೆ. ನೀನು ನಾವು ಕಿತ್ತು ಬಿಸಾಕ್ತಿದ್ದ ಕಳೇನ ಸಾಕ್ತಿದ್ದೀಯಲ್ಲ" ಅಂತ ಅಜ್ಜಿ ಮೊದಲು ನಕ್ಕರು. ಆಮೇಲೆ ದಿನವೂ ಮೊಮ್ಮಗನನ್ನು ಸೊಂಟಕ್ಕೇರಿಸಿಕೊಂಡು ಇಳಿದು ಬರತೊಡಗಿದರು. ಸಾರಿಗೆ ಹೊನಗೊನ್ನೆ ಸೊಪ್ಪು ಕೊಯ್ದುಕೊಂಡು ಹೋಗುವುದೂ ರೂಢಿಯಾಯಿತು.

ಆ ಬಳ್ಳಿಯನ್ನು ನಾನು ನೆಟ್ಟಿರಲಿಲ್ಲ. ಯಾವುದೋ ಗಿಡದ ಬೇರಿನ ಮಣ್ಣಿನಲ್ಲಿ ಬೀಜ ಬಂದಿರಬೇಕು. ಹುಣಸೆ ಎಲೆಯಂಥ ಸಣ್ಣ ಎಲೆ, ನೋಡನೋಡುತ್ತ ಮಲಗುವ ಕೋಣೆಯ ಕಿಟಕಿ ಸರಳಿಗೆ ಸುತ್ತಿಕೊಂಡಿತು. ಗುರುತು ಹಿಡಿದವರು ಅಜ್ಜಿ. "ಗುಲಗಂಜಿ ಕಣಮ್ಮ! ನಮ್ಮ ಹೊಲದ ಬೇಲಿ ತುಂಬ ಇತ್ತು. ಎಷ್ಟು ವರ್ಷ ಆಯ್ತೋ ನೋಡಿ." ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಅಗಿದರು. ಅದರ ಎಲೆ ಸಿಹಿ, ಗಂಟಲು ಕೆರೆತಕ್ಕೆ ಒಳ್ಳೆಯದು ಎಂದರು. ಬೀಜ ವಿಷ ಎಂದು ನಮ್ಮೂರಿನಲ್ಲೂ ಎಲ್ಲರಿಗೂ ಗೊತ್ತು. "ತೆಗೀಲಾ ಅಜ್ಜಿ?" ಅಂದೆ. "ಇರ್ಲಿ ಬಿಡು, ಕಾಯಿ ಬಿಟ್ಟಾಗ ನೋಡಣ" ಅಂದರು.

ಚಳಿ ಕಳೆಯುವ ಹೊತ್ತಿಗೆ ಕಾಯಿ ಒಣಗಿ ಬಾಯಿ ಬಿಟ್ಟವು. ಒಳಗೆಲ್ಲ ಕೆಂಪು ಬೀಜ, ತುದಿಯಲ್ಲಿ ಕಪ್ಪು ಚುಕ್ಕೆ. ಕೈಗೆಟಕುವಷ್ಟನ್ನು ನಾನು ಕಿತ್ತು ಹಾಕಿದೆ. ಆದರೂ ಸಮಾಧಾನವಿಲ್ಲ, ದಿನಾ ಬಗ್ಗಿ ನೆಲ ನೋಡುತ್ತಿದ್ದೆ.

ಒಂದು ಬೆಳಗ್ಗೆ ಒಲೆಯ ಮೇಲೆ ಹಾಲಿಟ್ಟಿದ್ದೆ. ಮೆಟ್ಟಿಲ ಕಡೆಯಿಂದ ಅಜ್ಜಿ ಮಗುವನ್ನು ಕೂಗುವುದು ಕೇಳಿಸಿತು. ನಾನು ಹಿತ್ತಲ ಬಾಗಿಲಿನಿಂದ ಓಡಿದೆ. ಮಗು ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತಿತ್ತು. ಅಂಗೈಯಲ್ಲಿ ಕೆಂಪು ಬೀಜ, ಗಲ್ಲದ ಮೇಲೆ ಜೊಲ್ಲು.

ಬಾಯಿಗೆ ಬೆರಳು ಹಾಕಿದೆ. ಒಂದು ಬೀಜ ಹೊರಗೆ ಬಂತು. ಒಳಗೆ ಎಷ್ಟು ಹೋಗಿದೆ ಎಂದು ಕೇಳಿದರೆ ಅದಕ್ಕೇನು ಗೊತ್ತು, ಬಿಕ್ಕಿ ಬಿಕ್ಕಿ ಅಳತೊಡಗಿತು. ಅಜ್ಜಿ ಗೋಡೆ ಹಿಡಿದು ನಿಂತುಬಿಟ್ಟರು.

ಆಟೋ ಹಿಡಿದು ಬನಶಂಕರಿಯ ಒಂದು ನರ್ಸಿಂಗ್ ಹೋಮಿಗೆ ಹೋದೆವು. ದಾರಿಯುದ್ದಕ್ಕೂ ಮಗುವಿನ ಮುಖವನ್ನೇ ನೋಡುತ್ತಿದ್ದೆ. ತುಟಿಯ ಬಣ್ಣ ಬದಲಾಯಿತೇ? ಕಣ್ಣು ಮೇಲೆ ಹೋಯಿತೇ? ಡಾಕ್ಟರಮ್ಮ ಕೇಳಿದ್ದು ಒಂದೇ ಮಾತು: "ಅಗಿದಿದ್ದಾನಾ, ಹಾಗೇ ನುಂಗಿದ್ದಾನಾ?" ಅದನ್ನು ನಾವಿಬ್ಬರೂ ನೋಡಿರಲಿಲ್ಲ.

"ಹಾಗೇ ನುಂಗಿದ್ರೆ ಸಿಪ್ಪೆ ಗಟ್ಟಿ, ಹೊರಗೆ ಹೋಗುತ್ತೆ. ಅಗಿದಿದ್ರೆ ಇವತ್ತು ಏನೂ ಗೊತ್ತಾಗಲ್ಲ, ನಾಳೆ ವಾಂತಿ-ಭೇದಿ ಶುರುವಾಗಬಹುದು. ಇಲ್ಲೇ ಇರಲಿ" ಎಂದು ಇದ್ದಿಲಿನ ಕಪ್ಪು ಪುಡಿ ಕಲಸಿದ ನೀರು ಕುಡಿಸಿದರು.

ನಾನು ಎದುರಿನ ಎಸ್‌ಟಿಡಿ ಬೂತಿನಿಂದ ಅಜ್ಜಿಯ ಮಗನಿಗೂ ನಮ್ಮ ಮನೆಯವರಿಗೂ ಫೋನ್ ಮಾಡಿದೆ. ವಾಪಸ್ ಬಂದರೆ ಅಜ್ಜಿ ಬೆಂಚಿನ ಆ ತುದಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು. ನನ್ನ ಕಡೆ ತಿರುಗಲೇ ಇಲ್ಲ. ಮಗುವಿಗೇನಾದರೂ ಆದರೆ ಎಂಬುದರ ಆಚೆ ನನಗೆ ಯೋಚಿಸಲಾಗುತ್ತಿರಲಿಲ್ಲ. ಆದರೂ ನಡುನಡುವೆ, ಮನೆ ಖಾಲಿ ಮಾಡಿ ಅಂತಾರೆ, ಪೊಲೀಸ್ ಕಂಪ್ಲೇಂಟ್ ಕೊಡ್ತಾರೆ ಎಂದೆಲ್ಲ ಮನಸ್ಸು ಓಡುತ್ತಿತ್ತು. ಹಾಗೆ ಓಡಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ಅಜ್ಜಿಯ ಮಗ ಹೆಲ್ಮೆಟ್ಟನ್ನೂ ತೆಗೆಯದೆ ಒಳಗೆ ಬಂದರು. ಮಗುವನ್ನು ನೋಡಿ ಬಂದು ನೇರ ನನ್ನ ಮುಂದೆ ನಿಂತರು. "ಯಾರ್ರೀ ನಿಮಗೆ ವಿಷದ ಗಿಡ ಬೆಳ್ಸಿ ಅಂದಿದ್ದು?"

ಆಗ ಅಜ್ಜಿ ಬೆಂಚಿನಿಂದ ಎದ್ದರು. "ಅವಳನ್ನ ಯಾಕೆ ಕೇಳ್ತೀಯ, ನನ್ನ ಕೇಳು. ತೆಗೀತೀನಿ ಅಂದ್ಲು, ಇರ್ಲಿ ಅಂದೋಳು ನಾನು. ಕೆಮ್ಮು ಬಂದಾಗ ಅದರ ಸೊಪ್ಪು ಕೊಟ್ಟು ಅವನಿಗೆ ರುಚಿ ತೋರಿಸಿದೋಳೂ ನಾನೇ."

ಮಗ ಹೆಲ್ಮೆಟ್ ತೆಗೆದು ತಾಯಿಯ ಪಕ್ಕದಲ್ಲಿ ಕೂತರು. ಅಜ್ಜಿ ಆಗ ಅತ್ತರು. ಎಲೆ ಕೊಟ್ಟ ವಿಷಯ ನನಗೂ ಅದೇ ಮೊದಲ ಸಲ ಗೊತ್ತಾದದ್ದು.

ಮರುದಿನವಿಡೀ ಮಗು ಕೆಮ್ಮಿದರೆ ಸಾಕು, ಎಲ್ಲರೂ ಎದ್ದು ನಿಲ್ಲುತ್ತಿದ್ದೆವು. ಮಧ್ಯಾಹ್ನ ನಮ್ಮ ಮನೆಯವರು ಬುತ್ತಿ ತಂದರು. "ಹೆದರಬ್ಯಾಡ, ಏನೂ ಆಗೂದಿಲ್ಲ" ಅಂದರು, ಆದರೆ ಅವರೂ ಕೆಲಸಕ್ಕೆ ವಾಪಸ್ ಹೋಗದೆ ಅಲ್ಲೇ ಕೂತರು. ಸಂಜೆಯ ಹೊತ್ತಿಗೆ ಸೊಸೆ ಬಾಗಿಲಲ್ಲಿ ಕಾಣಿಸಿಕೊಂಡು, "ಬೀಜ ಹೊರಗೆ ಬಂತು, ಒಡೆದಿಲ್ಲ, ಹಾಗೇ ಇದೆ" ಎಂದಳು. ಡಾಕ್ಟರಮ್ಮ ಇನ್ನೊಂದು ದಿನ ಇರಿಸಿಕೊಂಡು ಕಳಿಸಿದರು.

ಮನೆಗೆ ಬಂದ ದಿನವೇ ಬಳ್ಳಿಯನ್ನು ಬುಡದಿಂದ ಅಗೆದೆ. ಬೇರು ಪಾಯದ ಕಲ್ಲಿನ ಕೆಳಗೆ ಹೋಗಿತ್ತು, ಪೂರ್ತಿ ಬರಲಿಲ್ಲ. ಉಳಿದ ಗಿಡಗಳನ್ನೂ ಕೀಳಲು ಹೊರಟವಳನ್ನು ಅಜ್ಜಿಯ ಮಗನೇ ತಡೆದರು. "ಅವೆಲ್ಲ ಯಾಕ್ರೀ, ಅಮ್ಮ ಬೇಜಾರ್ ಮಾಡ್ಕೊಳ್ತಾರೆ" ಅಂದು, ಆ ಭಾನುವಾರ ನನ್ನ ತೋಟದ ಪಟ್ಟಿಯ ಬಾಯಿಗೆ ಕಬ್ಬಿಣದ ಗೇಟು ಹಾಕಿಸಿದರು. ಅಜ್ಜಿ ಮಾತ್ರ ಬಹಳ ದಿನ ಕೆಳಗೆ ಇಳಿಯಲಿಲ್ಲ. ನಾನೇ ಸೊಪ್ಪು ಕೊಯ್ದು ಮೇಲಕ್ಕೆ ಕೊಟ್ಟು ಬರುತ್ತಿದ್ದೆ.

ಮಳೆಗಾಲ ಬಂತು. ಪ್ರತಿ ಮಳೆಯ ಮರುದಿನ ಕಿಟಕಿಯ ಕೆಳಗೆ ಕೂತು, ಹುಲ್ಲಿನ ನಡುವೆ ಆ ಸಣ್ಣ ಎಲೆಗಾಗಿ ಹುಡುಕುತ್ತಿದ್ದೆ. ಚಿಗುರುತ್ತಲೇ ಇತ್ತು, ಕೀಳುತ್ತಲೇ ಇದ್ದೆ. ಆ ಮನೆ ಬಿಟ್ಟು ಜೆ.ಪಿ. ನಗರಕ್ಕೆ ಹೋಗುವ ಹೊತ್ತಿಗೆ ಅಜ್ಜಿಯ ಮೊಮ್ಮಗ ಶಾಲೆಗೆ ಹೋಗುತ್ತಿದ್ದ. ಹೊರಡುವಾಗ ಹೊಸ ಬಾಡಿಗೆದಾರರನ್ನು ಕರೆದು ಆ ಜಾಗ ತೋರಿಸಿ, ಎಲೆಯ ಆಕಾರ ನೆಲದ ಮೇಲೆ ಗೀಚಿ, ಚಿಗುರಿದರೆ ಕಿತ್ತು ಹಾಕಿ ಎಂದು ತಿಳಿಸಿದೆ. ಅವರು ತಲೆಯಾಡಿಸಿದರು. ಅವರಿಗೂ ಸಣ್ಣ ಮಗುವಿತ್ತು.