ಹಳಿ ತುಳಿದ ಅತಿಥಿ

ಮೊನ್ನೆ ಯಾದಗಿರಿಯಲ್ಲಿ ರೈಲ್ವೆ ಗೇಟು ದಾಟುವಾಗ ನನ್ನ ಕಾಲು ತಾನಾಗಿಯೇ ಹಳಿಗಿಂತ ಒಂದು ಗೇಣು ಮೇಲೆದ್ದಿತು. "ಅಜ್ಜಿ, ಮಾರ್ಚ್‌ಪಾಸ್ಟ್ ನಡದದೇನು?" ಎಂದು ಮೊಮ್ಮಗಳು ನಕ್ಕಳು. ನೀವೂ ನಗಿ, ಪರವಾಗಿಲ್ಲ. ಡಾಕ್ಟರು ಹೇಳಿದ ಎಕ್ಸರ್‌ಸೈಜ್ ಮರೆಯುವ ಈ ಮೊಣಕಾಲು ಇದೊಂದನ್ನು ಮರೆತಿಲ್ಲ. ರೈಲ್ವೆಯವರ ಮನೆಯ ಮಕ್ಕಳು ಹಳಿಯನ್ನು ದಾಟುತ್ತಾರೆ, ತುಳಿಯುವುದಿಲ್ಲ.

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಹೊಸತು. ಸಿಕಂದರಾಬಾದಿನ ಕಾನ್ವೆಂಟಿನಿಂದ ನಾನು ರಜೆಗೆ ಬಂದಿದ್ದೆ, ನಾಲ್ಕು ಪ್ರೇಯರ್, ನಲವತ್ತು ಸೇರು ಜಂಬ ಹೊತ್ತುಕೊಂಡು. ಅಪ್ಪ ಹಳಿ ರಿಪೇರಿ ಗ್ಯಾಂಗಿನ ಮೇಸ್ತ್ರಿ. ಗ್ಯಾಂಗಿನವರೆಲ್ಲ ಸ್ಟ್ರೈಕ್ ಹೂಡಿದ್ದರು. ಸಭೆ ನಮ್ಮ ಕ್ವಾರ್ಟರ್ಸಿನ ಅಂಗಳದಲ್ಲಿ. ಬಂದವರ ಹೆಸರು ಮೇಲಿನವರಿಗೆ ಸಿಕ್ಕರೆ ಅಪ್ಪನ ನೌಕರಿ, ಮನೆ, ನನ್ನ ರೈಲ್ವೆ ಪಾಸು, ಕಾನ್ವೆಂಟು, ಎಲ್ಲಕ್ಕೂ ಗುಡ್‌ಬೈ.

ಒಂದು ಮಧ್ಯಾಹ್ನ ಖಾಕಿ ಚಡ್ಡಿಯವನೊಬ್ಬ ಬಂದು, "ವಾಡಿ ಜಂಕ್ಷನ್ ಗ್ಯಾಂಗಿನಾಂವ ಅದೀನ್ರಿ, ನಿಮ್ಮ ಜೋಡಿ ಕೂಡಾಕ ಬಂದೀನಿ" ಎಂದ. ಅವನು ಬರುವುದನ್ನು ಕಿಟಕಿಯಿಂದ ಕಂಡಿದ್ದ ಅವ್ವ, ರೊಟ್ಟಿ ಬಡಿಯುತ್ತಲೇ ಅಪ್ಪನಿಗೆ ಪಿಸುಗುಟ್ಟಿದಳು: "ಹಳಿ ತುಳದು ಬಂದಾನ. ಗ್ಯಾಂಗಿನಾಂವ ಅಲ್ಲ, ಖುಫಿಯಾ ಪೊಲೀಸ ಅದಾನ, ನಮ್ಮ ಗುಟ್ಟು ತಿಳಕೊಳ್ಳಾಕ ಬಂದಾನ."

"ಹೌದೇನು? ಹಂಗಾರ ಎರಡು ರೊಟ್ಟಿ ಜಾಸ್ತಿ ಬಡಿ," ಎಂದ ಅಪ್ಪ.

ಅಂದಿನಿಂದ ಅವನು ಬಂದ ಕೂಡಲೇ ಸಭೆ ಭಜನೆಯಾಗುತ್ತಿತ್ತು. ಅವನ ಕೈಗೇ ತಾಳ ಕೊಟ್ಟರು. ಪಾಪ, ತಾಳ ತಪ್ಪಿಸಿ, ಬೈಸಿಕೊಂಡು, ಪುಂಡಿಪಲ್ಯ ಉಂಡು ನಾಲ್ಕೇ ದಿನದಲ್ಲಿ ಮನೆಯವನಾದ. ಕೊನೆಗೆ ಅವ್ವ ಬಡಿಸುತ್ತಾ ಅಂದೇಬಿಟ್ಟಳು: "ಹಳಿ ಮ್ಯಾಲ ಕಾಲಿಡಬ್ಯಾಡ್ರಿ ಅಣ್ಣಾ, ಜಾರ್ತದ. ವಾಡ್ಯಾಗ ಯಾರೂ ಹೇಳಿಲ್ಲೇನು?"

ಅವನು ತಟ್ಟೆಯಲ್ಲಿದ್ದುದನ್ನು ಮುಗಿಸಿದ. ಆಮೇಲೆ ಇನ್ನೊಂದು ರೊಟ್ಟಿ ಕೇಳಿದ.

ಮರುದಿನ ನನ್ನನ್ನು ಕರೆದ. "ತಂಗೆವ್ವಾ, ಒಂದು ಕಾಗದ ಬರಕೊಡು. ನನಗ ಉರ್ದು ಅಷ್ಟ ಬರ್ತದ, ಇಂಗ್ಲಿಷ್ ಓದಾಕೂ ಬರಂಗಿಲ್ಲ. ಹೊಸಾ ಸಾಹೇಬ್ರಿಗೆ, ಅಲ್ಲಲ್ಲ, ನಮ್ಮ ಮಾಮಾಗ, ಇಂಗ್ಲಿಷೇ ಬೇಕಂತ!"

ಸಭೆಗೆ ಬಂದವರ ಏಳು ಹೆಸರು ಹೇಳಿದ, ಮೊದಲನೆಯದೇ ಅಪ್ಪನದು. ನಾನು ಬರೆದದ್ದು: 'ಆಲ್ ಆರ್ ಸಿಂಗಿಂಗ್ ಭಜನ್ಸ್. ನೋಬಡಿ ಈಸ್ ಆಂಗ್ರಿ. ಫುಡ್ ಈಸ್ ವೆರಿ ಗುಡ್.' ಹೆಸರು ಒಂದೂ ಇಲ್ಲ. ಅವನು ಕಾಗದವನ್ನು ಬಹಳ ಹೊತ್ತು ನೋಡಿದ. ಸಹಿ ಹಾಕಿ ಜೇಬಿಗಿಟ್ಟ.

ಸ್ಟ್ರೈಕ್ ಮುಗಿಯಿತು; ಯಾರ ನೌಕರಿಯೂ ಹೋಗಲಿಲ್ಲ. ಎಂಥ ದಡ್ಡ ಪೊಲೀಸ ಎಂದು ನಾನು ಬೀಗುತ್ತಿದ್ದೆ. ತನ್ನ ಊರಿಗೆ ಹೊರಟ ದಿನ ಅವನು ಪ್ಲಾಟ್‌ಫಾರ್ಮಿನ ತುದಿಯ ಇಂಗ್ಲಿಷ್ ಬೋರ್ಡನ್ನು, ಕಳಿಸಲು ಹೋಗಿದ್ದ ನನಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದ. ನಮ್ಮ ಕಾನ್ವೆಂಟಿನ ಸಿಸ್ಟರ್ ಕೂಡ ತಪ್ಪು ಹುಡುಕಲಾರಳು, ಅಷ್ಟು ಸರಾಗ.

"ಛಲೋ ಬರದಾರ. ಆದ್ರ ನಿನ್ನಷ್ಟು ಛಲೋ ಅಲ್ಲ ತಂಗೆವ್ವಾ," ಎಂದು ನಕ್ಕು, ಹಳಿಗಿಂತ ಒಂದು ಗೇಣು ಮೇಲೆ ಕಾಲೆತ್ತಿ ದಾಟಿ ಹೋದ.

ಮೊನ್ನೆ ಗೇಟಿನ ಬಳಿ ಇದನ್ನೇ ಮೊಮ್ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ಅವಳು ನನ್ನ ತೋಳು ಹಿಡಿದೆಳೆದಳು. "ಅಜ್ಜಿ, ಅಲ್ನೋಡು, ಆ ಮನಶ್ಯಾ ಹಳಿ ತುಳದಾನ! ಖುಫಿಯಾ ಇರಬೇಕು!"

"ಇರಲಿ, ಮನಿಗಿ ಕರಿ," ಎಂದೆ. "ಎರಡು ರೊಟ್ಟಿ ಜಾಸ್ತಿ ಬಡಿಯೂಣು."