ಹುಳದ ಮನೆಯ ಹೊಸ್ತಿಲಾಚೆ ಇಪ್ಪತ್ತು ದಿನ

ನನ್ನ ನೋಟ್‌ಬುಕ್ಕಿನಲ್ಲಿ ಅಜ್ಜಿಯ ಬಲಗಣ್ಣಿಗೆ ಒಂದು ಪುಟವಿದೆ. ಎಡಗಣ್ಣಿಗೆ ಇಲ್ಲ, ಅದರ ನಡುವೆ ಕಪ್ಪು ಕೂತು ಬಹಳ ಕಾಲವಾಯಿತು. ಬಲಗಣ್ಣಿನ ರೆಟಿನಾದ ಕೆಳಗೂ ರಕ್ತನಾಳ ಸೋರತೊಡಗಿದ ಮೇಲೆ, ಕನಕಪುರದಿಂದ ಬೆಂಗಳೂರಿಗೆ ಹೋಗಿ ಕಣ್ಣಿನೊಳಗೆ ಚುಚ್ಚಿಸಿಕೊಂಡು ಬಂದದ್ದು ಹನ್ನೊಂದು ಸಲ. ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿದ್ದು ನಾಲ್ಕು ಸಲ.

ಈ ಕಣ್ಣೂ ಹೋದರೆ ಅಜ್ಜಿಗೆ ಹಣ್ಣು ಹುಳ ಆರಿಸಲು ಆಗುವುದಿಲ್ಲ. ನಮ್ಮದು ರೇಷ್ಮೆಹುಳ ಸಾಕುವ ಮನೆ. ಹುಳ ಹಣ್ಣಾದಾಗ, ಅಂದರೆ ಮೇವು ಬಿಟ್ಟು ಮೈ ತಿಳಿಯಾಗಿ ಗೂಡು ಕಟ್ಟಲು ತಯಾರಾದಾಗ, ಒಂದೊಂದನ್ನೇ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಆ ಕೆಲಸ ಯಾವತ್ತೂ ಅಜ್ಜಿಯದು. ಹಿಂದಿನ ಬೆಳೆಯಲ್ಲಿ ಅವಳು ಆರಿಸಿದ ನಲವತ್ತು ಹುಳಗಳನ್ನು ಚಿಕ್ಕಪ್ಪ ಬೆಳಕಿಗೆ ಹಿಡಿದು ನೋಡಿದ. ಹದಿನೇಳು ಇನ್ನೂ ಕಾಯಿ. ಅವನ್ನು ತಟ್ಟೆಗೆ ವಾಪಸು ಹಾಕಿದ. ನಾನು ಬರೆದುಕೊಂಡೆ.

ಆಸ್ಪತ್ರೆಯವರು ಜೀನ್ ಚಿಕಿತ್ಸೆಯ ಪ್ರಯೋಗಕ್ಕೆ ಸೇರುತ್ತೀರಾ ಎಂದು ಕೇಳಿದ್ದು ಅದಾದ ಮೇಲೆ. ಕಣ್ಣಿನ ಬಿಳಿ ಗೋಡೆಗೂ ಒಳಪದರಕ್ಕೂ ನಡುವಿನ ಸಂದಿಗೆ ಪುಟ್ಟ ಸೂಜಿಯಿಂದ ಒಂದೇ ಸಲ ಔಷಧ ಬಿಡುತ್ತಾರೆ. ರೋಗ ತರುವ ಶಕ್ತಿ ತೆಗೆದ ವೈರಸ್ಸೊಂದು ಕಣ್ಣಿನ ಕೋಶಗಳಿಗೆ ಜೀನ್ ಒಯ್ದು ಕೊಡುತ್ತದೆ. ಆಮೇಲೆ ಸೋರಿಕೆ ತಡೆಯುವ ಔಷಧವನ್ನು ಕಣ್ಣೇ ತಯಾರಿಸಿಕೊಳ್ಳಬೇಕು. ಕೆಲಸ ಮಾಡಬಹುದು, ಮಾಡದೆಯೂ ಇರಬಹುದು, ಎಂದರು ಡಾಕ್ಟರು. ಅಜ್ಜಿ ಕಾಗದಗಳನ್ನೆಲ್ಲ ಓದಿಸಿಕೊಂಡು ಆರು ಪ್ರಶ್ನೆ ಕೇಳಿದಳು. ಅದರಲ್ಲಿ ಎರಡು, ಡಾಕ್ಟರ ಮದುವೆಯ ಬಗ್ಗೆ. ವೈರಸ್ ಬಗ್ಗೆ ಒಂದೂ ಇರಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಚುಚ್ಚಿಸಿಕೊಂಡ ಮಾರನೆಯ ದಿನ, ಎರಡು ಸಲ ಪೊರೆ ಕಳಚಿದ ಮರಿಹುಳಗಳು ಮನೆಗೆ ಬಂದವು. ಅಜ್ಜಿ ಹುಳದ ಮನೆಯ ಹೊಸ್ತಿಲಾಚೆಯೇ ನಿಂತಳು.

"ಬಾರವ್ವ ಒಳಿಕೆ," ಎಂದ ಚಿಕ್ಕಪ್ಪ.

"ನಾನ್ ಬರಕಿಲ್ಲ ಕಣ್ಲಾ. ನನ್ ಕಣ್ಣಲ್ಲಿ ವೈರಸ್ ಐತೆ."

ಹುಳ ಸಾಕುವವರಿಗೆ ವೈರಸ್ ಅಂದರೆ ಹಾಲುತೊಂಡೆ. ಹುಳ ಊದಿ, ಚರ್ಮ ಒಡೆದು, ಹಾಲಿನಂಥ ನೀರು ಸೋರಿ, ಒಂದು ತಟ್ಟೆಯಿಂದ ಇಡೀ ಮನೆಗೆ ಹಬ್ಬುವ ರೋಗ. ಅದಕ್ಕೆಂದೇ ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದದೆ ನಾವು ಒಳಗೆ ಹೋಗುವುದಿಲ್ಲ. ಸಾಲದ್ದಕ್ಕೆ, ಕೆಲವು ದಿನ ಕಣ್ಣೊರೆಸಿದ ಟಿಶ್ಯೂವನ್ನು ಕವರಿನಲ್ಲಿ ಕಟ್ಟಿ ಬಿಸಾಡಿ ಎಂದು ಆಸ್ಪತ್ರೆಯವರೇ ಹೇಳಿದ್ದರು.

"ಅಜ್ಜಿ, ಅದು ರೋಗ ತೆಗ್ದಿರೋ ವೈರಸ್ಸು," ಎಂದೆ.

"ಹಲ್ ಕಿತ್ಬುಟ್ರೆ ಹಾವು ಹಗ್ಗ ಆಗೋಯ್ತದಾ ಮಗ?"

ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ನನ್ನ ಪ್ರಶ್ನೆಯನ್ನು ಮೂರು ಸಲ ಹೇಳಿಸಿಕೊಂಡಳು. ಸಂಜೆ ಡಾಕ್ಟರೇ ಮಾತಾಡಿ, ಇದು ರೇಷ್ಮೆಹುಳಕ್ಕೆ ತಗಲುವ ವೈರಸ್ ಅಲ್ಲವೇ ಅಲ್ಲ ಎಂದರು. ಸ್ಪೀಕರ್ ಹಾಕಿದ್ದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡಳು.

"ಒಳ್ಳೆ ಮನ್ಸ. ಹುಳ ಸಾಕವ್ರಾ ಅವ್ರು?"

"ಇಲ್ಲ."

"ಮತ್ತೆ?"

ಹೊಸ್ತಿಲಾಚೆ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ದಿನಾ ಬೆಳಿಗ್ಗೆ ನಾನು ಅವಳ ಎಡಗಣ್ಣು ಮುಚ್ಚಿಸಿ ಆಸ್ಪತ್ರೆ ಕೊಟ್ಟ ಚೌಕಳಿ ಹಾಳೆ ಹಿಡಿಯುತ್ತಿದ್ದೆ. ಎಷ್ಟು ಗೆರೆ ಡೊಂಕಾಗಿ ಕಾಣುತ್ತವೆ ಎಂದು ಬರೆಯಬೇಕು. ಮೂರನೇ ದಿನ ಐದು. ಒಂಬತ್ತನೇ ದಿನವೂ ಐದು. ಹದಿನಾಲ್ಕಕ್ಕೆ ನಾಲ್ಕು. ಹದಿನೈದನೇ ದಿನ, "ನೀನೇ ಹಾಳೆ ಡೊಂಕಾಗಿ ಹಿಡ್ದಿದ್ದೀಯ," ಎಂದಳು. ನೋಡಿದರೆ ಹೌದು. ಪಕ್ಕದಲ್ಲಿ ಇನ್ನೆರಡು ಲೆಕ್ಕಗಳಿವೆ. ಹುಳದ ಮನೆಯೊಳಗೆ ಹೋದದ್ದು: ಸೊನ್ನೆ. ಹೊರಗಿನಿಂದ ಚಿಕ್ಕಪ್ಪನನ್ನು ಬೈದದ್ದು: ನೂರಾದ ಮೇಲೆ ಎಣಿಸುವುದನ್ನು ಬಿಟ್ಟೆ.

ಇಪ್ಪತ್ತನೇ ದಿನ ಹುಳ ಹಣ್ಣಾದವು. ಚಿಕ್ಕಪ್ಪನ ಕೈಗೆ ಹಣ್ಣಿಗಿಂತ ಕಾಯಿಯೇ ಹೆಚ್ಚು ಸಿಗುತ್ತದೆ, ಅದು ಅವನಿಗೂ ಗೊತ್ತು. ಅಜ್ಜಿ ಕುರ್ಚಿಯಿಂದ ಏಳುವುದು, ಕೂರುವುದು, ಮತ್ತೆ ಏಳುವುದು. ಕೊನೆಗೆ ನಾನು ಒಂದು ತಟ್ಟೆಯನ್ನು ಬಾಗಿಲಿಗೆ ತಂದೆ. ಅವಳು ಸೆರಗನ್ನು ಮೂಗಿಗೆ ಸುತ್ತಿ, ಕೈ ಹಿಂದೆ ಕಟ್ಟಿಕೊಂಡು ಬಗ್ಗಿದಳು. ನಾನು ಬೆರಳು ತೋರಿಸಿದಂತೆ "ಹಣ್ಣು", "ಕಾಯಿ", "ಹಣ್ಣು" ಎನ್ನುತ್ತಾ ಹೋದಳು. ಅವಳು ಹಣ್ಣು ಎಂದ ಮೊದಲ ನಲವತ್ತನ್ನು ಚಿಕ್ಕಪ್ಪ ಕಿಟಕಿಯ ಬೆಳಕಿಗೆ ಹಿಡಿದ. ಎಲ್ಲ ಮುಗಿಸಿ, ಇನ್ನೊಮ್ಮೆ ಮೊದಲಿಂದ ನೋಡಿದ.

"ಕಾಯಿ ಎಷ್ಟ್ಲಾ?"

"ಆರು ಕಣವ್ವ."

ಅಜ್ಜಿ ಸೆರಗು ಬಿಚ್ಚಿ ಮುಖ ಒರೆಸಿಕೊಂಡಳು. ಹದಿನೇಳು ಅವಳಿಗೂ ನೆನಪಿತ್ತೆಂದು ನನಗೆ ಗೊತ್ತಾದದ್ದು ಆಗ. "ಅದ್ರಾಗೆ ಎರ್ಡು ಈ ಮಗ ಬೆರಳ್ ಅಡ್ಡ ಇಟ್ಟಿದ್ಕೆ," ಎಂದಳು.

ಚಿಕ್ಕಪ್ಪ ನಗುತ್ತಾ ಹೋಗಿ ತಾನು ಆರಿಸಿದ್ದ ಒಂದು ಹುಳವನ್ನು ಚಂದ್ರಿಕೆಗೆ ಬಿಟ್ಟ.

"ಲೇ, ಅದು ಕಾಯಿ ಕಣ್ಲಾ, ತೆಗ್ಯೋ ಅದ್ನ," ಎನ್ನುತ್ತಾ ಅಜ್ಜಿ ನಾಲ್ಕು ಹೆಜ್ಜೆ ಹಾಕಿ ಆ ಹುಳವನ್ನು ಎತ್ತಿಕೊಂಡಳು. ಆಮೇಲೆ ತನ್ನ ಕಾಲು ನೋಡಿಕೊಂಡಳು. ಬ್ಲೀಚಿಂಗ್ ನೀರು ತಾಕದೆ ಒಣಗಿಯೇ ಇದ್ದವು. ಹೊಸ್ತಿಲು ಹಿಂದೆ ಇತ್ತು.

"ಬರ್ಕಂಡ್ಬುಟ್ಯಾ?" ಎಂದು ನನ್ನ ಕಡೆ ತಿರುಗಿದಳು.

"ಹೂಂ. ಒಳಗ್ ಬಂದಿದ್ದು: ಒಂದು."

"ಹಾಲುತೊಂಡೆ ಬಂದ್ರೆ ನನ್ ಹೆಸ್ರು ಬರ್ಕೊ. ಗೂಡ್ ಚೆನ್ನಾಗಾದ್ರೆ ಡಾಕ್ಟ್ರುದು." ಬಂದದ್ದಾಯಿತಲ್ಲ ಎಂದು ಅಲ್ಲೇ ಕೂತು ಸಂಜೆಯವರೆಗೂ ಆರಿಸಿದಳು.

ಹಾಲುತೊಂಡೆ ಬರಲಿಲ್ಲ. ಚೌಕಳಿ ಹಾಳೆಯಲ್ಲಿ ಇನ್ನೂ ಮೂರು ಗೆರೆ ಡೊಂಕು. ಮುಂದಿನ ತಪಾಸಣೆಗೆ ಹೊರಟಾಗ ಅಜ್ಜಿ ಡಾಕ್ಟರಿಗೆಂದು ಎರಡು ಗೂಡುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಕಿಟಕಿ ಸೀಟು ಸಿಕ್ಕಿತು. ಐದನೇ ಸಲ. ದಾರಿಯುದ್ದಕ್ಕೂ ಹೊರಗೆ ನೋಡುತ್ತಾ, ಯಾರ ಹಿಪ್ಪುನೇರಳೆ ತೋಟಕ್ಕೆ ನೀರು ಸಾಲದು ಎಂದು ಹೇಳುತ್ತಾ ಬಂದಳು.